ಒಳಗಿದೆ ಎನ್ನಲಾದ ಸರಕು

ಮಾಲವಿಕಾ ವಿದೇಶಿ ಸರಕು ಸಾಗಣೆಯ ಕೆಲಸಕ್ಕೆ ಸೇರಿ ಹದಿನಾರು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಒಂದು ಸಲವೂ ಅವಳು ಕಂಟೇನರಿನ ಬಾಗಿಲು ತೆರೆಯುವುದನ್ನು ಕಣ್ಣಾರೆ ಕಂಡಿರಲಿಲ್ಲ. ಅದರ ಅಗತ್ಯವೂ ಬಿದ್ದಿರಲಿಲ್ಲ. ರಾಜಾಜಿನಗರದ ನವರಂಗ್ ಚಿತ್ರಮಂದಿರದ ಹತ್ತಿರ, ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವಳ ಕಚೇರಿ. ಅಲ್ಲಿ ಕೂತೇ ಅವಳು ಪೀಣ್ಯದ ಕಾರ್ಖಾನೆಗಳಿಗೆ ತೈವಾನಿನಿಂದ ಯಂತ್ರ ತರಿಸಿದ್ದಳು, ಮಾಗಡಿ ರಸ್ತೆಯ ಟೈಲ್ಸ್ ವ್ಯಾಪಾರಿಗಳಿಗೆ ಚೀನಾದ ಮಾಲು ತರಿಸಿದ್ದಳು, ಇಲ್ಲಿನ ಅಗರಬತ್ತಿಯನ್ನು ಬ್ರೆಜಿಲಿಗೆ ಕಳಿಸಿದ್ದಳು. ಅವಳ ಕೈಗೆ ಬರುತ್ತಿದ್ದುದೂ ಕೈಯಿಂದ ಹೋಗುತ್ತಿದ್ದುದೂ ಬರೀ ಕಾಗದ.

ಮಾಲೀಕ ಗಿರಿರಾಜ್ ಹೊಸಬರಿಗೆಲ್ಲ ಹೇಳುತ್ತಿದ್ದ ಮಾತೊಂದಿತ್ತು. "ನಮ್ಮ ಹತ್ರ ಹಡಗಿಲ್ಲ, ಲಾರಿ ಇಲ್ಲ, ಗೋಡೌನ್ ಇಲ್ಲ. ಇರೋದು ಪರಿಚಯ ಒಂದೇ. ಆ ಕಡೆ ಊರಲ್ಲಿ ನಮ್ಮಂಥೋನೇ ಒಬ್ಬ ಇರ್ತಾನೆ. ಅವನು ಹಡಗಿಗೆ ಹತ್ತಿಸ್ತಾನೆ, ನಾವು ಇಲ್ಲಿ ಇಳಿಸ್ಕೊಳ್ತೀವಿ. ಒಳಗೆ ಏನಿದೆ ಅನ್ನೋದು ಕಳಿಸೋನಿಗೂ ತರಿಸ್ಕೊಳ್ಳೋನಿಗೂ ಬಿಟ್ಟಿದ್ದು." ದಾವಣಗೆರೆ ಕಡೆಯವನು, ಐವತ್ತು ದಾಟಿದವನು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡೇ ಬರುತ್ತಿದ್ದ. ಯಾರ ಮೇಲೂ ಕೂಗಾಡಿದವನಲ್ಲ. ಮಾಲವಿಕಾ ಹೆರಿಗೆಗೆ ಹೋದಾಗ ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳದೆ ಕಾದಿದ್ದ. ಅದನ್ನು ಅವಳು ಮರೆತಿರಲಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ ಕುಂಬಳಗೋಡಿನಿಂದ ಸೋಮಲಿಂಗಪ್ಪನ ಫೋನ್ ಬಂತು. ಕೆಂಗೇರಿ ದಾಟಿದರೆ ಸಿಗುವ ಆ ಕೈಗಾರಿಕಾ ಪ್ರದೇಶದಲ್ಲಿ ಅವನ ರಟ್ಟಿನ ಕಾರ್ಖಾನೆ ಇತ್ತು. ರದ್ದಿ ಕಾಗದವನ್ನು ನೀರಿನಲ್ಲಿ ಕಲಸಿ, ಒತ್ತಿ, ಸಿಹಿತಿಂಡಿ ಡಬ್ಬಿಗಳಿಗೆ ಬೇಕಾದ ರಟ್ಟು ಮಾಡುತ್ತಿದ್ದ. ಇಲ್ಲಿನ ರದ್ದಿಗಿಂತ ಹೊರದೇಶದ್ದು ಗಟ್ಟಿ ಮತ್ತು ಅಗ್ಗ ಎಂದು ಯುರೋಪಿನಿಂದ ತರಿಸುತ್ತಿದ್ದ. ಹಿಂದಿನ ದಿನವಷ್ಟೇ ಎರಡು ಕಂಟೇನರ್ ಅವನ ಅಂಗಳಕ್ಕೆ ಬಂದಿದ್ದವು.

"ಮೇಡಂ, ನೀವು ಕಳಿಸಿದ ಡಬ್ಬಿ ನೀರು ಬಿಡಾಕತ್ತೈತ್ರೀ."

"ಮಳೆ ನೀರು ಒಳಗೆ ಹೋಗಿರ್ಬೇಕು ಸಾರ್."

"ಮಳಿ ನೀರು ಹಿಂಗ ನಾರೂದಿಲ್ರೀ. ಯಾರಾರ ಬಂದು ನೋಡ್ರಿ. ನಮ್ಮ ಹೆಣ್ಣಾಳುಗಳು ಮುಟ್ಟೂದಿಲ್ಲ ಅಂತ ಕುಂತಾರ."

ಗಿರಿರಾಜ್ ತಾನು ಹೋಗಲಿಲ್ಲ. "ನೀವೇ ಹೋಗ್ಬನ್ನಿ. ಒಂದಿಷ್ಟು ಫೋಟೊ ತೆಗೀರಿ, ಆ ಕಡೆ ಏಜೆಂಟಿಗೆ ಕಳಿಸೋಣ," ಎಂದ.

ಕೆಂಗೇರಿಯವರೆಗೆ ಮೆಟ್ರೊದಲ್ಲಿ ಹೋಗಿ ಅಲ್ಲಿಂದ ಆಟೊ ಹಿಡಿದಳು. ಕೊಳಚೆ ಹರಿಯುವ ವೃಷಭಾವತಿ ಹೊಳೆಯ ನಾತಕ್ಕೆ ದುಪಟ್ಟಾ ಮೂಗಿಗೆ ಹಿಡಿದವಳು ಕುಂಬಳಗೋಡು ಬಂದರೂ ಅದನ್ನು ತೆಗೆಯಲಿಲ್ಲ. ಕಾರ್ಖಾನೆಯ ಗೇಟಿನಲ್ಲೇ ಇನ್ನೊಂದು ನಾತ ಎದುರಾಯಿತು. ಮೊಸರು, ಮೂತ್ರ, ಸತ್ತ ಇಲಿ ಎಲ್ಲವನ್ನೂ ಕಬ್ಬಿಣದ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಬೇಯಿಸಿದಂಥ ನಾತ ಅದು. ನೀಲಿ ಕಂಟೇನರಿನ ಬಾಗಿಲ ಸಂದಿಯಿಂದ ಕಂದು ಬಣ್ಣದ ಲೋಳೆ ಇಳಿದು ನೆಲದ ಮೇಲೆ ಹರಡಿತ್ತು. ನೊಣಗಳು ಅದರ ಮೇಲೆ ಮೆತ್ತಿಕೊಂಡಿದ್ದವು, ಹೆಜ್ಜೆ ಇಟ್ಟರೂ ಏಳುತ್ತಿರಲಿಲ್ಲ.

ಸೋಮಲಿಂಗಪ್ಪ ಅದರ ಬಾಗಿಲನ್ನು ಮತ್ತೆ ತೆರೆಸಿದ. ಬಾಗಿಲ ಬಳಿಯ ಒಂದು ಸಾಲು ಮಾತ್ರ ನಿಜವಾದ ಕಾಗದ. ತಂತಿ ಬಿಗಿದ, ಒಣಗಿದ, ಚೊಕ್ಕ ಬೇಲುಗಳು, ಯಂತ್ರದಲ್ಲಿ ಒತ್ತಿ ಕಟ್ಟಿದ ಮೂಟೆಗಳು. ಹಡಗಿಗೆ ಹತ್ತಿಸುವ ಮುಂಚೆ ಪರೀಕ್ಷೆ ಮಾಡಿದವರು ಕಳಿಸಿದ್ದ ಫೋಟೊದಲ್ಲಿ ಇದ್ದದ್ದು ಇವೇ. ಮದರಾಸಿನ ಬಂದರಿನಲ್ಲಿ ಎಲ್ಲ ಪೆಟ್ಟಿಗೆಗಳನ್ನೂ ತೆರೆದು ನೋಡುವುದಿಲ್ಲ, ಇವುಗಳ ಸರದಿ ಬಂದಿರಲಿಲ್ಲ. ಆ ಸಾಲಿನ ಹಿಂದೆ ಇದ್ದದ್ದು ಬೇರೆ. ಸೋಮಲಿಂಗಪ್ಪ ಒಂದು ಬೇಲನ್ನು ಹೊರಗೆಳೆಸಿ ತಂತಿ ಕತ್ತರಿಸಿದ್ದ. ಅದು ಹೊಟ್ಟೆ ಬಿರಿದ ಪ್ರಾಣಿಯ ಹಾಗೆ ಬಿದ್ದಿತ್ತು. ಬಳಸಿದ ಡೈಪರ್‌ಗಳು, ರಕ್ತ ಒಣಗಿ ಕಪ್ಪಾದ ಪ್ಯಾಡ್‌ಗಳು, ಬೆಕ್ಕಿನ ಆಹಾರದ ಚೀಲ, ಅರ್ಧ ತಿಂದ ಮಾಂಸಕ್ಕೆ ಹುಳು ಬಿದ್ದ ಪ್ಲಾಸ್ಟಿಕ್ ತಟ್ಟೆ, ರಬ್ಬರಿನ ಕೊಳವೆಗಳು. ಒಂದು ಡೈಪರಿನ ಮೇಲೆ ನಗುವ ಆನೆಯ ಚಿತ್ರವಿತ್ತು.

ಮಾಲವಿಕಾ ಮೂರು ಫೋಟೊ ತೆಗೆದಳು. ನಾಲ್ಕನೆಯದಕ್ಕೆ ಬಗ್ಗಿದವಳು ಗೋಡೆಯ ಹಿಂದೆ ಓಡಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಾರಿಕೊಂಡಳು.

ಅಲ್ಲಿ ನೆರಳಿನಲ್ಲಿ ನಾಲ್ಕೈದು ಹೆಂಗಸರು ಕೂತಿದ್ದರು. ಬೇಲು ಬಿಚ್ಚಿ, ಕಾಗದದಲ್ಲಿ ಸೇರಿಕೊಂಡ ಪ್ಲಾಸ್ಟಿಕ್ಕು, ತಂತಿ ಆರಿಸುವುದು ಅವರ ಕೆಲಸ. ಅವರಲ್ಲಿ ಹಿರಿಯಳು ಪಟಾಲಮ್ಮ. ಅಲ್ಲೇ ಹತ್ತಿರದ ಹಳ್ಳಿಯವಳು, ಗಟ್ಟಿಮುಟ್ಟಾದ ಆಳು. ಎಡಗೈಯ ಹೆಬ್ಬೆರಳಿಗೆ ಸೀರೆಯ ಚೂರು ಸುತ್ತಿಕೊಂಡಿದ್ದಳು.

"ಕೈಗೇನಾಯ್ತು?" ಎಂದಳು ಮಾಲವಿಕಾ, ಬಾಯಿ ಒರೆಸಿಕೊಳ್ಳುತ್ತ.

"ಸೂಜಿ ಚುಚ್ಚಿಬಿಡ್ತು ಕಣವ್ವ. ಡಾಕ್ಟ್ರು ಸೂಜಿ ಅದೆ ಅದ್ರಾಗೆ. ಮೊದ್ಲು ಗೊತ್ತಾಗ್ಲಿಲ್ಲ, ಪೇಪರ್ ಅಂತ ಕೈ ಹಾಕ್ದೆ." ಅವಳು ಆ ರಾಶಿಯ ಕಡೆ ಗದ್ದದಿಂದ ಸನ್ನೆ ಮಾಡಿದಳು. "ಇದು ಯಾರ ಮನೇದು ಅವ್ವ?"

ಮಾಲವಿಕಾ ಉತ್ತರ ಕೊಡಲು ಹೊರಟಳು. ಯುರೋಪಿನ ಯಾವುದೋ ಊರಿನ ಮನೆಯವರು ಕಾಗದಕ್ಕೆಂದಿಟ್ಟ ಕಸದ ಡಬ್ಬಿಗೆ ಎಲ್ಲವನ್ನೂ ಸುರಿಯುತ್ತಾರೆ. ಆ ಊರಿನ ಗುತ್ತಿಗೆದಾರ ಎತ್ತುತ್ತಾನೆ. ವಿಂಗಡಿಸಲು ಖರ್ಚು ಹೆಚ್ಚು ಎಂದು ಬೇಲು ಕಟ್ಟಿ ಒಬ್ಬ ವ್ಯಾಪಾರಿಗೆ ದಾಟಿಸುತ್ತಾನೆ. ಆ ವ್ಯಾಪಾರಿ ಅದನ್ನು ಕಣ್ಣಿಂದಲೂ ನೋಡದೆ ದುಬೈಯಲ್ಲಿ ಕೂತ ಇನ್ನೊಬ್ಬನಿಗೆ ಮಾರುತ್ತಾನೆ, ಅವನು ಸೋಮಲಿಂಗಪ್ಪನಿಗೆ. ನಡುವೆ ಹಡಗಿನ ಕಂಪನಿ, ಕೊಲಂಬೊದಲ್ಲಿ ಹಡಗು ಬದಲು, ಮದರಾಸು, ಲಾರಿ. ದಾರಿಯುದ್ದಕ್ಕೂ ಎಲ್ಲ ಕಾಗದಗಳ ಮೇಲೆ ಒಂದೇ ಸಾಲು: ಒಳಗೆ ರದ್ದಿ ಕಾಗದ ಇದೆ ಎನ್ನಲಾಗಿದೆ. ಎಂದವರು ಯಾರು ಎಂದು ಯಾರೂ ಕೇಳುವುದಿಲ್ಲ. ಆ ಸಾಲನ್ನು ಅವಳೇ ಎಷ್ಟೋ ಸಾವಿರ ಸಲ ಟೈಪ್ ಮಾಡಿದ್ದಳು.

"ಗೊತ್ತಿಲ್ಲ," ಎಂದಳು ಕೊನೆಗೆ. "ಮೊದ್ಲು ಆಸ್ಪತ್ರೆಗೆ ಹೋಗಿ. ಇವತ್ತೇ ಹೋಗಿ."

ಸೋಮಲಿಂಗಪ್ಪನಿಗೂ ಹೇಳಿದಳು. ಅವನು ತಲೆಯಾಡಿಸಿದ. "ಕಳಸ್ತೀನ್ರಿ. ಮೊದಲ ಇದನ್ನ ಇಲ್ಲಿಂದ ಎತ್ತಸ್ರಿ. ಮಿಲ್ಲಿನ ಸುತ್ತ ಮನಿ ಅದಾವ."

ಮನೆಗೆ ಬಂದಾಗ ಅತ್ತೆ ಅಲಮೇಲು ಬಾಗಿಲಲ್ಲೇ ತಡೆದರು. ಬಸವೇಶ್ವರನಗರದ ಆ ಮನೆಯಲ್ಲಿ ಮಡಿ ಮೈಲಿಗೆ ಈಗಲೂ ಗಟ್ಟಿಯಾಗಿಯೇ ಇತ್ತು. "ಏನೇ ಇದು ವಾಸನೆ, ಎಲ್ಲಿಗೆ ಹೋಗಿದ್ದೆ? ನೇರ ಬಚ್ಚಲಿಗೆ ಹೋಗು, ಏನೂ ಮುಟ್ಬೇಡ." ತಲೆಗೆ ಎರಡು ಸಲ ಸೀಗೆಪುಡಿ ಹಾಕಿ ತೊಳೆದರೂ ನಾತ ಮೂಗಿನಲ್ಲೇ ಕೂತಿತ್ತು. ಅನ್ನಕ್ಕೆ ಹುಳಿ ಬಡಿಸಿದರು. ಹುಳಿಯ ಬಣ್ಣ ನೋಡಿ ಅವಳು ತಟ್ಟೆ ದೂಡಿದಳು. ಗಂಡ ಕಶ್ಯಪ್ ಬ್ಯಾಂಕಿನವನು, ಸಮಾಧಾನದ ಮನುಷ್ಯ. "ನೀನು ತರಿಸಿದ್ದಲ್ವಲ್ಲ ಮಾಲವಿಕಾ. ನಿನ್ನ ಕೆಲಸ ಪೇಪರ್ ನೋಡೋದು," ಎಂದ. ಅವಳು ಎದ್ದು ಮತ್ತೆ ಬಚ್ಚಲಿಗೆ ಹೋಗಿ ಕೈ ತೊಳೆದಳು.

ಮುಂದಿನ ದಿನಗಳಲ್ಲಿ ಉತ್ತರಗಳು ಬಂದವು. ಯುರೋಪಿನ ಏಜೆಂಟ್ ಬಹಳ ಮರ್ಯಾದೆಯಿಂದ ಬರೆದಿದ್ದ: ಕಳಿಸಿದವರು ಹೇಳಿದಂತೆ ನಾವು ಬುಕ್ ಮಾಡಿದ್ದೇವೆ, ನಿಮ್ಮ ತೊಂದರೆಗೆ ವಿಷಾದ. ದುಬೈಯ ವ್ಯಾಪಾರಿ ಮೊದಲು ಫೋಟೊಗಳು ಸುಳ್ಳೆಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಹಡಗಿನ ಕಂಪನಿಯವರಿಗೆ ಬೇಕಾದದ್ದು ತಮ್ಮ ಖಾಲಿ ಪೆಟ್ಟಿಗೆ. ತಡವಾದಷ್ಟೂ ಬಾಡಿಗೆ ಏರುತ್ತದೆಂದು ದಿನವೂ ನೆನಪಿಸುತ್ತಿದ್ದರು. ಒಬ್ಬರೂ ಸಿಟ್ಟಾಗಿರಲಿಲ್ಲ, ಒಬ್ಬರೂ ನಾಚಿರಲಿಲ್ಲ. ಎಲ್ಲ ಪತ್ರಗಳ ಕೊನೆಯಲ್ಲೂ ಹಾರ್ದಿಕ ವಂದನೆಗಳಿದ್ದವು.

"ಸರ್ಕಾರಕ್ಕೆ ತಿಳಿಸ್ಬೇಕಲ್ವಾ ಸಾರ್?" ಎಂದಳು ಗಿರಿರಾಜ್ ಹತ್ತಿರ. "ಬಂದ ದೇಶಕ್ಕೇ ವಾಪಸ್ ಕಳಿಸ್ಬೇಕು ಅಂತ ಕಾನೂನಿದೆ."

"ತಿಳಿಸಿದ್ರೆ ಏನಾಗುತ್ತೆ? ಸೋಮಲಿಂಗಪ್ಪನ ಮಿಲ್ಲಿಗೆ ಬೀಗ, ನಮ್ಮ ಲೈಸೆನ್ಸಿಗೆ ನೋಟಿಸು. ಕಳಿಸಿದೋನು ಆರಾಮಾಗಿರ್ತಾನೆ." ಗಿರಿರಾಜ್ ಕುರ್ಚಿ ಹತ್ತಿರ ಎಳೆದುಕೊಂಡ. "ನಾನೊಂದು ದಾರಿ ನೋಡಿದೀನಿ. ನಮ್ಮ ನೆಟ್‌ವರ್ಕಲ್ಲಿ ಆಫ್ರಿಕಾ ಕಡೆಯೋನು ಒಬ್ಬ ಇದಾನೆ. ರದ್ದಿ ಪೇಪರ್ ಅಂತ ಹಾಕಿ ಕಳ್ಸಿ, ಇಲ್ಲಿ ನೋಡ್ಕೊಳ್ತೀನಿ ಅಂದಿದಾನೆ. ಅದೇ ಡಬ್ಬಿಗೆ ವಾಪಸ್ ತುಂಬ್ಸಿ. ಬಾಗಿಲ ಹತ್ರ ಒಳ್ಳೆ ಬೇಲು ಎರಡು ಸಾಲು ಹಾಕ್ಸಿ. ಫೋಟೊ ತೆಗೆದು ಕಾಗದಪತ್ರ ರೆಡಿ ಮಾಡ್ಬಿಡಿ."

"ನಮಗೆ ಅವ್ರು ಮಾಡಿದ್ದನ್ನೇ ನಾವು ಇನ್ನೊಬ್ರಿಗೆ ಮಾಡೋದಾ ಸಾರ್?"

"ನಾವು ಮಾಡ್ತಿಲ್ಲ. ಸೋಮಲಿಂಗಪ್ಪ ಮಾಡ್ತಿದಾನೆ. ನಾವು ಸಾಗಿಸ್ತಿದೀವಿ."

ಹಾಗೆ ಹೇಳುವಾಗ ಅವನ ದನಿಯಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ನಂಬಿದ್ದ. ಅವನ ಟೇಬಲ್ಲಿನ ಮೇಲೆ ಒಗ್ಗರಣೆ ಅವಲಕ್ಕಿಯ ತಟ್ಟೆ ಇತ್ತು. ಮಾತಿನ ನಡುವೆ ಅವನು ಒಂದೊಂದೇ ಚಮಚ ತಿನ್ನುತ್ತಿದ್ದ. ಆ ಬಾಯಿ, ಆ ಚಮಚ, ಗಲ್ಲಕ್ಕೆ ಅಂಟಿದ ಒಂದು ಅಗಳು ನೋಡಿ ಅವಳಿಗೆ ಅಸಹ್ಯವಾಯಿತು. ಅಷ್ಟು ವರ್ಷ ಗೌರವ ಇಟ್ಟುಕೊಂಡಿದ್ದ ಮನುಷ್ಯನ ಬಗ್ಗೆ ಹಾಗನ್ನಿಸಿದ್ದಕ್ಕೆ ಭಯವೂ ಆಯಿತು. ಆದರೂ "ಆಗಲ್ಲ" ಎನ್ನಲಿಲ್ಲ. ಬ್ಯಾಗ್ ತೆಗೆದುಕೊಂಡು ಕುಂಬಳಗೋಡಿಗೆ ಹೊರಟಳು.

ಅಲ್ಲಿ ತುಂಬುವ ಕೆಲಸ ಆಗಲೇ ಶುರುವಾಗಿತ್ತು. ಅದೇ ಹೆಂಗಸರು ಮುಖಕ್ಕೆ ಸೆರಗು ಬಿಗಿದುಕೊಂಡು, ಬಿಚ್ಚಿದ ಕೊಳೆಯನ್ನು ಸಲಿಕೆಯಲ್ಲಿ ಎತ್ತಿ ಮತ್ತೆ ಬೇಲಿನ ಯಂತ್ರಕ್ಕೆ ಹಾಕುತ್ತಿದ್ದರು. ಯಂತ್ರ ಒತ್ತಿದಾಗಲೆಲ್ಲ ಕೆಳಗಿನಿಂದ ರಸ ಚಿಮ್ಮಿ ಅವರ ಪಾದಗಳ ಮೇಲೆ ಬೀಳುತ್ತಿತ್ತು. ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಉಗ್ರಪ್ಪ ಊದುಬತ್ತಿಯ ಒಂದು ಕಟ್ಟನ್ನೇ ಹಚ್ಚಿ ಗೋಡೆಗೆ ಸಿಕ್ಕಿಸಿದ್ದ. ಆ ಮಲ್ಲಿಗೆಯ ಪರಿಮಳ ಬೆರೆತು ನಾತ ಇನ್ನೂ ಹೊಲಸಾಗಿತ್ತು.

ಪಟಾಲಮ್ಮ ಕಾಣಲಿಲ್ಲ. "ಅವ್ಳು ಬರ್ತಿಲ್ಲ ಮೇಡಂ," ಎಂದ ಉಗ್ರಪ್ಪ. "ಅವ್ಳಿಗೆ ಆ ಏಡ್ಸ್ ಕಾಯಿಲೆ ಮಾತ್ರೆ ಕೊಟ್ಟವ್ರಂತೆ." ಹೇಳುತ್ತಲೇ ಅವನು ಪಕ್ಕಕ್ಕೆ ಉಗುಳಿದ.

ಮಾಲವಿಕಾ ದಾರಿ ಕೇಳಿಕೊಂಡು ಅವಳ ಮನೆಗೆ ಹೋದಳು. ಪಟಾಲಮ್ಮ ಮನೆಯ ಹೊರಗಿನ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ತಟ್ಟೆ, ಒಂದು ಲೋಟ, ಮಾತ್ರೆಯ ಡಬ್ಬಿ.

"ಯಾರಿಗೆ ಚುಚ್ಚಿದ್ ಸೂಜಿ ಅಂತ ಕೇಳಿದ್ರು ಡಾಕ್ಟ್ರು. ನಂಗೇನವ್ವ ಗೊತ್ತು? ಯಾವ ದೇಸ್ದೋರ್ಗೋ. ಗೊತ್ತಿಲ್ದಿದ್ರೆ ಎಲ್ಲ ಕಾಯ್ಲೆ ಐತೆ ಅಂತಾನೇ ತಿಳ್ಕಂಡು ಮಾತ್ರೆ ನುಂಗ್ಬೇಕಂತೆ. ಆರ್ ತಿಂಗ್ಳು ರಕ್ತ ನೋಡ್ತಾನೇ ಇರ್ತಾರಂತೆ." ಮಾತ್ರೆ ತಿಂದರೆ ತಲೆ ಸುತ್ತು, ವಾಂತಿ. ಆದರೆ ಅವಳ ಸಂಕಟ ಅದಲ್ಲ. "ನಮ್ ಯಜಮಾನ್ರು ತಟ್ಟೆ ಲೋಟ ಬ್ಯಾರೆ ಮಾಡವ್ರೆ. ಮೊಮ್ಮಗೂನ ಮುಟ್ಟಂಗಿಲ್ಲ. ನಾನೇನ್ ತಪ್ಪು ಮಾಡ್ದೆ ಹೇಳವ್ವ."

ಒಳಗಿನಿಂದ ಅವಳ ಮುದಿ ಗಂಡ ಇಣುಕಿ ನೋಡಿದ. ಮಾಲವಿಕಾ ಚಾಪೆಯ ತುದಿಯಲ್ಲಿ ಕೂತಿದ್ದನ್ನು ಕಂಡು, ಮುಖ ಸಿಂಡರಿಸಿ, ಬಾಗಿಲು ಹಾಕಿಕೊಂಡ.

ಸಂಜೆ ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಅಲಮೇಲು ಬತ್ತಿ ಹೊಸೆಯುತ್ತ ಕೇಳುತ್ತಿದ್ದವರು ಕೈ ನಿಲ್ಲಿಸಿದರು.

"ನಾವು ಮನೆಯೋರ ತಟ್ಟೆ ಮುಟ್ಟಿದ್ರೂ ಎಂಜಲು ಅಂತ ಕೈ ತೊಳ್ಕೊಳ್ತೀವಿ. ಊರೂರಿನ ಹೊಲಸನ್ನ ಹಡಗಲ್ಲಿ ತರಿಸಿ, ಮತ್ತೆ ಇನ್ಯಾರದೋ ಮನೆ ಬಾಗಿಲಿಗೆ ಹಾಕೋಕೆ ನೀನು ಪತ್ರ ಬರೆದು ಕೊಡ್ತೀಯೇನೇ?"

"ಬರೀದಿದ್ರೆ ಕೆಲಸ ಹೋಗುತ್ತಮ್ಮ."

"ಹೋಗ್ಲಿ ಅಂತ ನಾನು ಹೇಳೋಕೆ ಆಗಲ್ಲ. ಮಗೂ ಸ್ಕೂಲು, ಮನೆ ಸಾಲ, ಎಲ್ಲ ನಂಗೂ ಗೊತ್ತು," ಎಂದರು ಅಲಮೇಲು. "ಆದ್ರೆ ಬರೆದು ಬಂದ ಕೈಯಲ್ಲಿ ದೇವರ ಪಾತ್ರೆ ಮುಟ್ಬೇಡ. ಅಷ್ಟೇ."

ಮಾರನೆಯ ದಿನ ಕಚೇರಿಯಲ್ಲಿ ಅವಳು ಹಡಗಿನ ಕಂಪನಿಗೆ ಕಳಿಸಬೇಕಾದ ಸೂಚನೆ ಬರೆಯಲು ಕೂತಳು. ಸರಕಿನ ವಿವರ ಎಂಬ ಜಾಗದಲ್ಲಿ ಕರ್ಸರ್ ಮಿನುಗುತ್ತಿತ್ತು. ಬೆರಳುಗಳು ರೂಢಿಯಂತೆ ರದ್ದಿ ಕಾಗದ ಎಂದು ಹೊಡೆದವು. ಅಳಿಸಿದಳು. ಬಳಸಿದ ಡೈಪರ್, ಮನೆಗಳ ಕೊಳೆತ ಕಸ, ಆಸ್ಪತ್ರೆಯ ಸೂಜಿ ಮತ್ತು ಕೊಳವೆ ಎಂದು ಬರೆದಳು. ಎನ್ನಲಾಗಿದೆ ಎಂಬ ಮಾತು ಸೇರಿಸಲಿಲ್ಲ. ನಾನೇ ನೋಡಿದ್ದೇನೆ ಎಂದು ಬರೆದು ಹೆಸರು ಹಾಕಿದಳು. ಫೋಟೊಗಳನ್ನೆಲ್ಲ ಸೇರಿಸಿದಳು. ಹಡಗಿನ ಕಂಪನಿ, ಯುರೋಪಿನ ಏಜೆಂಟ್, ದುಬೈಯವನು, ಆಫ್ರಿಕಾದವನು, ಕಸ್ಟಮ್ಸ್, ಮಾಲಿನ್ಯ ಮಂಡಳಿ, ಗಿರಿರಾಜ್, ಎಲ್ಲರಿಗೂ ಒಂದೇ ಸಲ ಕಳಿಸಿದಳು. ಕಳಿಸಿದ ಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದು ಕೂತಳು.

ಊಟದ ಹೊತ್ತಿಗೆ ಹಡಗಿನ ಕಂಪನಿ ಬುಕಿಂಗ್ ರದ್ದು ಮಾಡಿತ್ತು. ಗಿರಿರಾಜ್ ಅವಳನ್ನು ಒಳಗೆ ಕರೆದ. ಆಗಲೂ ಕೂಗಾಡಲಿಲ್ಲ.

"ನನಗೆ ಒಂದ್ಮಾತು ಹೇಳ್ಬಹುದಿತ್ತು ಮಾಲವಿಕಾ."

"ಹೇಳಿದ್ದೆ ಸಾರ್."

"ನಿಮ್ಮ ಬಸವೇಶ್ವರನಗರದ ಮನೆ ಕಸ ಬೆಳಿಗ್ಗೆ ಗಾಡಿಗೆ ಹಾಕ್ತೀರಲ್ಲ, ಅದು ಯಾವ ಹಳ್ಳಿಗೆ ಹೋಗುತ್ತೆ ಅಂತ ಯಾವತ್ತಾದ್ರೂ ಕೇಳಿದೀರಾ? ಆ ಹಳ್ಳಿಯೋರು ಲಾರಿ ತಡೆದು ಕೂತಾಗ, ಅಯ್ಯೋ ನಮ್ಮ ಬೀದಿ ನಾರ್ತಿದೆ ಅಂತ ಬೈಕೊಂಡಿಲ್ವಾ ನೀವು?"

ಅವಳು ನಿಜಕ್ಕೂ ಬೈದುಕೊಂಡಿದ್ದಳು. ಆ ಮಾತು ಅವಳಿಗೆ ಬಹಳ ದಿನ ಚುಚ್ಚುತ್ತಿತ್ತು. ಆದರೆ ಅದನ್ನು ಹೇಳುವಾಗ ಗಿರಿರಾಜನ ಮುಖದಲ್ಲಿ ಮೂಡಿದ ಗೆದ್ದ ಕಳೆ ಅದಕ್ಕಿಂತ ಹೆಚ್ಚು ದಿನ ಅವಳನ್ನು ಕಾಡಿತು. ತನ್ನ ಊಟದ ಡಬ್ಬಿ, ಟೇಬಲ್ಲಿನ ಮೇಲಿದ್ದ ಮಗಳ ಫೋಟೊ ತೆಗೆದುಕೊಂಡು ಮೆಟ್ಟಿಲಿಳಿದಳು, ಮತ್ತೆ ಹತ್ತಲಿಲ್ಲ.

ಅಧಿಕಾರಿಗಳು ಬಂದರು, ಮೂಗಿಗೆ ಕರವಸ್ತ್ರ ಹಿಡಿದು ನೋಡಿದರು, ಎರಡೂ ಕಂಟೇನರ್‌ಗಳಿಗೆ ಮುದ್ರೆ ಒತ್ತಿದರು. ಬಂದ ದೇಶಕ್ಕೆ ಹಿಂದಿರುಗಿಸಬೇಕೆಂದು ಆದೇಶವಾಯಿತು. ಹಿಂದಿರುಗಿಸುವುದು ಯಾರಿಗೆ ಎಂದು ನೋಡಿದರೆ ದುಬೈಯ ಕಂಪನಿ ಮುಚ್ಚಿಹೋಗಿತ್ತು. ಯುರೋಪಿನ ಗುತ್ತಿಗೆದಾರ ಆ ಬೇಲುಗಳು ತನ್ನವಲ್ಲ ಎಂದ. ಮಳೆಗಾಲವಿಡೀ ಪೆಟ್ಟಿಗೆಗಳು ಮಿಲ್ಲಿನ ಅಂಗಳದಲ್ಲೇ ಕೂತವು. ಲೋಳೆ ಹರಿದು ಪಕ್ಕದ ಮನೆಯವರ ಬೋರ್‌ವೆಲ್ ನೀರು ಹಳದಿಯಾಯಿತು. ಬೀದಿಯ ಜನ ಸೋಮಲಿಂಗಪ್ಪನ ಗೇಟಿನೆದುರು ಕೂತು ಗಲಾಟೆ ಮಾಡಿದರು. ಕೊನೆಗೆ ಅನುಮತಿ ಸಿಕ್ಕಿ, ಆ ಕೊಳೆಯನ್ನೆಲ್ಲ ಉತ್ತರ ಕರ್ನಾಟಕದ ಯಾವುದೋ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹಾಕಿ ಸುಟ್ಟರು. ಆ ಹೊಗೆ ಯಾವ ಊರಿನ ಮೇಲೆ ಹೋಯಿತೋ ಮಾಲವಿಕಾಗೆ ತಿಳಿಯಲಿಲ್ಲ. ಆಫ್ರಿಕಾಕ್ಕೆ ಹೋಗಲಿಲ್ಲ ಎಂಬುದಷ್ಟೇ ಗೊತ್ತಾಯಿತು.

ಗಿರಿರಾಜ್ ತನ್ನ ಸಂಸ್ಥೆಯನ್ನು ಹೆಂಡತಿಯ ಹೆಸರಿಗೆ ಬದಲಿಸಿ ಅದೇ ಮಹಡಿಯಲ್ಲಿ ಮುಂದುವರಿದ. ಮಾಲವಿಕಾ ಐದಾರು ಕಡೆ ಕೆಲಸ ಕೇಳಿದಳು. ಸಂದರ್ಶನದಲ್ಲಿ ಕಾಫಿ ತರಿಸಿ ಮಾತಾಡಿದವರು, ಎರಡನೆಯ ದಿನ ಯಾರ ಹತ್ತಿರವೋ ವಿಚಾರಿಸಿಕೊಂಡು, ಸದ್ಯಕ್ಕೆ ಜಾಗ ಇಲ್ಲ ಎನ್ನುತ್ತಿದ್ದರು. ದೀಪಾವಳಿಗೆ ಯುರೋಪಿನ ಏಜೆಂಟ್ ತನ್ನ ಪಟ್ಟಿಯಲ್ಲಿದ್ದವರಿಗೆಲ್ಲ ಹಣತೆಯ ಚಿತ್ರದ ಶುಭಾಶಯ ಕಳಿಸಿದ. ಅವಳ ಫೋನಿಗೂ ಬಂತು. ನೋಡಿದ ತಕ್ಷಣ ಅವನ ನಂಬರನ್ನೇ ಅಳಿಸಿಹಾಕಿದಳು. ಆ ಉದ್ಯೋಗದ ಆಸೆ ಅಂದೇ ಬಿಟ್ಟು, ಮಾರೇನಹಳ್ಳಿಯ ಒಂದು ಪುಸ್ತಕದ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಕೊಂಡಳು.

ಪಟಾಲಮ್ಮನನ್ನು ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದವಳು ಅವಳೇ. ಮನೆಯವರು ಯಾರೂ ಜೊತೆಗೆ ಬರುತ್ತಿರಲಿಲ್ಲ. ಜನವರಿಯಲ್ಲಿ ಕೊನೆಯ ಸಲದ ಫಲಿತಾಂಶ ಬಂತು. ಏನೂ ಇಲ್ಲ ಎಂದರು ಡಾಕ್ಟರು. ಪಟಾಲಮ್ಮ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡಳು. ಅಳಲಿಲ್ಲ. ಹಸಿವಾಗ್ತದೆ ಎಂದಳು.

ಕೆಂಗೇರಿ ಬಸ್ ನಿಲ್ದಾಣದ ಎದುರಿನ ಹೋಟೆಲ್ಲಿನಲ್ಲಿ ಇಬ್ಬರೂ ಕೂತರು. ಪಟಾಲಮ್ಮ ಇಡ್ಲಿಯನ್ನು ಸಾಂಬಾರಿನಲ್ಲಿ ಕಲಸಿ ದೊಡ್ಡ ದೊಡ್ಡ ತುತ್ತು ಮಾಡಿ ತಿಂದಳು.

"ಮನೇಲಿ ಇನ್ನು ಒಳಗೆ ಮಲಗ್ಬಹುದಲ್ಲ," ಎಂದಳು ಮಾಲವಿಕಾ.

"ಚೀಟಿ ತೋರಿಸ್ತೀನಿ. ಅವ್ರು ನಂಬುದ್ರೆ ನಂಬ್ತಾರೆ." ಪಟಾಲಮ್ಮ ಇನ್ನೊಂದು ತುತ್ತು ನುಂಗಿದಳು. "ನಾಳಿಂದ ಮಿಲ್ಲಿಗೆ ಬಾ ಅಂದವ್ರೆ. ಹೊಸಾ ಮಾಲು ಬಂದೈತಂತೆ."

"ಎಲ್ಲಿಂದ?"

"ಹೊರದೇಸದ್ದೇ. ಈ ಸಲ ಕೈಗೆ ಗವಸು ಕೊಡ್ತಾರಂತೆ. ಗಂಡಸ್ರ ಸೈಜು, ಜಾರ್ತವೆ ಅಂತ ಉಗ್ರಪ್ಪ ಹೇಳ್ದ. ದಾರ ಕಟ್ಕಂಡ್ರಾಯ್ತು."

"ಬೇಡ ಪಟಾಲಮ್ಮ. ಬೇರೆ ಏನಾದ್ರೂ ನೋಡೋಣ."

"ಬ್ಯಾರೆ ಅಂದ್ರೆ ಮನೆ ಕೆಲ್ಸ. ಈ ಮಾತ್ರೆ ಸುದ್ದಿ ತಿಳಿದ್ಮೇಲೆ ಯಾರವ್ವ ಒಳಗೆ ಸೇರಿಸ್ತಾರೆ?"

ಬಸ್ಸು ಬಂತು. ಪಟಾಲಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಬರ್ತೀನಿ ಎಂದು ಹೇಳಿ ಹತ್ತಿದಳು. ಮಾಲವಿಕಾ ಅವಳು ಕಿಟಕಿಯ ಪಕ್ಕ ಜಾಗ ಹಿಡಿಯುವವರೆಗೂ ನೋಡಿದಳು. ಆಮೇಲೆ ಒಳಗೆ ಬಂದು ತಣ್ಣಗಾದ ಕಾಫಿಯನ್ನು ಒಂದು ಗುಟುಕು ಕುಡಿದಳು. ಕೆನೆ ನಾಲಗೆಗೆ ಅಂಟಿಕೊಂಡಿತು. ಲೋಟ ಅಲ್ಲೇ ಬಿಟ್ಟು, ಬಿಲ್ ಕೊಟ್ಟು, ಅಂಗಡಿಗೆ ತಡವಾಗುತ್ತದೆಂದು ಮೆಟ್ರೊ ಕಡೆಗೆ ನಡೆದಳು.